ಹಂಗಿಲ್ಲದ ಬಾಳು: ಡಿ.ವಿ.ಜಿ. ಅವರ ಜೀವನ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಮಗೆ ಮೊದಲು ನೆನಪಾದ ಹೆಸರು ಡಿ.ವಿ.ಜಿ. ಅವರದು. ಸಹಕಾರ ಸಂಘದ ಪುಸ್ತಕದಲ್ಲಿ ಕವಿಗಳಿಗೇನು ಕೆಲಸ, ಅದೂ ತತ್ತ್ವ ಬರೆದ ಕವಿಗೆ, ಅಂತ ಕೆಲವು ಸದಸ್ಯರು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಉತ್ತರ ಹೇಳಿಯೇ ಮುಂದೆ ಹೋಗುತ್ತೇವೆ.

ಇಪ್ಪತ್ತೈದು ವರ್ಷಗಳಿಂದ ನಮ್ಮ ಸಂಘ ಬೆಳೆ ಸಾಲ ಕೊಟ್ಟಿದೆ, ಗೊಬ್ಬರ ಬೀಜ ಕೊಟ್ಟಿದೆ, ಠೇವಣಿ ಇಟ್ಟುಕೊಂಡಿದೆ. ಲೆಕ್ಕವೆಲ್ಲ ಈ ಸಂಚಿಕೆಯ ವರದಿಯಲ್ಲಿ ಇದ್ದೇ ಇದೆ. ಆದರೆ ವರದಿಯಲ್ಲಿ ಬಾರದ ಒಂದು ಸಂಗತಿಯೂ ಉಂಟು. ಸಾಲವನ್ನು ಪೂರ್ತಿ ತೀರಿಸಿದ ದಿನವೂ ಮುಖ ಗಂಟಿಕ್ಕಿಕೊಂಡೇ ಮನೆಗೆ ಹೋಗುವವರಿದ್ದಾರೆ. ಮಳೆ ಕೈಕೊಟ್ಟು ರಾಗಿ ಒಣಗಿಹೋದ ವರ್ಷವೂ ಜಗಲಿಯ ಮೇಲೆ ಕೂತು ನಗುತ್ತಾ ನಾಲ್ಕು ಮಾತಾಡಿ, ಮುಂದಿನ ವರ್ಷಕ್ಕೆ ನೇಗಿಲು ಸರಿಮಾಡಿಕೊಳ್ಳುವವರೂ ಇದ್ದಾರೆ. ಇಬ್ಬರ ಪಾಸ್ ಬುಕ್ ನೋಡಿದರೆ ಈ ವ್ಯತ್ಯಾಸಕ್ಕೆ ಕಾರಣ ತಿಳಿಯುವುದಿಲ್ಲ. ಅದು ಇರುವುದು ಮನಸ್ಸಿನಲ್ಲಿ. ಆ ಮನಸ್ಸನ್ನು ಹದ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಎಂಬತ್ತೆಂಟು ವರ್ಷಗಳ ಬಾಳಿನುದ್ದಕ್ಕೂ ಅಭ್ಯಾಸ ಮಾಡಿದವರು ಡಿ.ವಿ.ಜಿ. ಕಾಡಿಗೆ ಹೋಗಿ ಮಾಡಿದ ಅಭ್ಯಾಸವಲ್ಲ ಅದು. ಮನೆ, ಮಕ್ಕಳು, ಕೆಲಸ, ಕಷ್ಟ ಇವುಗಳ ನಡುವೆಯೇ ಮಾಡಿದ್ದು. ಆದ್ದರಿಂದ ಅವರ ಜೀವನ ನಮ್ಮಂಥವರಿಗೇ ಹೆಚ್ಚು ಉಪಯೋಗದ್ದು.

ಮುಳಬಾಗಿಲಿನ ಹುಡುಗ

ಅವರ ಪೂರ್ಣ ಹೆಸರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. 1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದರು. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಅಜ್ಜಿ, ಅಜ್ಜ, ಬಂಧುಬಳಗ ತುಂಬಿದ ಮನೆ. ಕೆರೆ, ಗುಡಿ, ಬೆಟ್ಟ, ಜಾತ್ರೆ ಎಲ್ಲವೂ ಇದ್ದ ಊರು. ಆ ಊರಿನ ಸಾಮಾನ್ಯ ಜನರ ನಡೆನುಡಿ ಅವರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಕೂತಿತ್ತೆಂದರೆ, ಮುಪ್ಪಿನಲ್ಲಿ ಅವರು ಬರೆದ ಜ್ಞಾಪಕ ಚಿತ್ರಶಾಲೆಯ ಸಂಪುಟಗಳಲ್ಲಿ ದಿವಾನರು, ವಿದ್ವಾಂಸರು, ಸಂಗೀತಗಾರರ ಜೊತೆಗೇ ಹಳ್ಳಿಯ ಹೆಸರಿಲ್ಲದ ಜನರೂ ಸಮನಾಗಿ ಕುಳಿತಿದ್ದಾರೆ.

ಓದು ಮುಳಬಾಗಿಲಿನಲ್ಲಿ ಶುರುವಾಯಿತು. ಮೈಸೂರಿನಲ್ಲೂ ಕೋಲಾರದಲ್ಲೂ ಸ್ವಲ್ಪ ಕಾಲ ನಡೆಯಿತು. ಆದರೆ ಮೆಟ್ರಿಕ್ಯುಲೇಷನ್ ಪರೀಕ್ಷೆ ಪಾಸಾಗಲಿಲ್ಲ. ಈಗಿನ ಮಾತಿನಲ್ಲಿ ಹೇಳಬೇಕೆಂದರೆ ಫೇಲಾದ ಹುಡುಗ. ನಮ್ಮ ಮಕ್ಕಳು ಹತ್ತನೇ ತರಗತಿಯಲ್ಲಿ ಒಂದು ವಿಷಯ ಬಿಟ್ಟರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ; ಊರವರಿಗೆ ಹೇಗೆ ಮುಖ ತೋರಿಸೋದು ಅಂತ ತಂದೆ ತಾಯಿ ಕುಗ್ಗುತ್ತಾರೆ. ಅಂಥವರು ಈ ಮುಂದಿನದನ್ನು ಗಮನವಿಟ್ಟು ಓದಬೇಕು.

ಪರೀಕ್ಷೆ ಕೈಬಿಟ್ಟ ಮೇಲೆ ಹುಡುಗ ಕೈಗೆ ಸಿಕ್ಕ ಕೆಲಸ ಮಾಡಿದ. ಕೆಲಕಾಲ ಬದಲಿ ಉಪಾಧ್ಯಾಯ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಒಂದು ಸೋಡಾ ಕಾರ್ಖಾನೆಯಲ್ಲಿ ಕೆಲಸ. ಆಮೇಲೆ ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಯಲ್ಲಿ ಕೆಲಸ. ಮುಂದೆ ಮನುಷ್ಯನ ಬಾಳನ್ನು ಜಟಕಾಕ್ಕೂ, ವಿಧಿಯನ್ನು ಅದನ್ನು ಹೊಡೆಯುವವನಿಗೂ ಹೋಲಿಸಿ ಅವರು ಬರೆದ ಪದ್ಯ ಕನ್ನಡ ನಾಡಿನಲ್ಲಿ ಮನೆಮಾತಾಯಿತು. ಅಂದು ಗಾಡಿಗೆ ಬಣ್ಣ ಬಳಿದ ಕೈಯೇ ಆ ಪದ್ಯವನ್ನೂ ಬರೆದದ್ದು. ಕೆಲಸದಲ್ಲಿ ಮೇಲು ಕೀಳು ನೋಡುವ ನಮಗೆ ಇದೊಂದು ಪಾಠ.

ಶಾಲೆ ಬಿಟ್ಟರೂ ಓದು ಬಿಡಲಿಲ್ಲ. ಸಂಸ್ಕೃತವನ್ನು, ವೇದಾಂತವನ್ನು ವಿದ್ವಾಂಸರ ಬಳಿ ಕೂತು ಕಲಿತರು. ಇಂಗ್ಲಿಷ್ ಸಾಹಿತ್ಯ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ತಾವೇ ಓದಿ ಅರಗಿಸಿಕೊಂಡರು. ಮೆಟ್ರಿಕ್ ಪಾಸಾಗದವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಪತ್ರಿಕೆಯ ಕಾಯಕ

ಬೆಂಗಳೂರಿನಲ್ಲಿ ಅವರ ಹೊಟ್ಟೆಪಾಡು ಪತ್ರಿಕೆಗಳಿಂದ ನಡೆಯಿತು. ಸಣ್ಣ ಪುಟ್ಟ ಪತ್ರಿಕೆಗಳಿಗೆ ಬರೆದರು, ತಾವೇ ನಡೆಸಿದರು. ಅದು ಸುಲಭದ ಕಾಲವಲ್ಲ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಬಿಗಿಯಾದ ಕಾಯಿದೆ ತಂದಿತು. ಹಲವು ಪತ್ರಿಕೆಗಳು ನಿಂತುಹೋದವು. ಅಂಥ ಹೊತ್ತಿನಲ್ಲೂ ಅವರು ಲೇಖನಿ ಕೆಳಗಿಡಲಿಲ್ಲ. 1913ರಲ್ಲಿ ಕರ್ನಾಟಕ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿ ಕೆಲವು ವರ್ಷ ನಡೆಸಿದರು.

ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಇಬ್ಬರಿಗೂ ಗಾಢವಾದ ಸ್ನೇಹ, ಗೌರವ. ಬೇರೆಯವರಾಗಿದ್ದರೆ ಆ ಸ್ನೇಹವನ್ನು ಏಣಿ ಮಾಡಿಕೊಂಡು ಅಧಿಕಾರಕ್ಕೋ ಆಸ್ತಿಗೋ ಏರಿಬಿಡುತ್ತಿದ್ದರು. ಡಿ.ವಿ.ಜಿ. ಹಾಗೆ ಮಾಡಲಿಲ್ಲ. ಸ್ನೇಹ ಬೇರೆ, ಪತ್ರಿಕೆಯ ಕೆಲಸ ಬೇರೆ ಎಂದು ಗೆರೆ ಎಳೆದುಕೊಂಡು ಬದುಕಿದರು. ಮನೆಯಲ್ಲಿ ಬಡತನವಿತ್ತು. ಆದರೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾದ ಹಂಗು ಇರಲಿಲ್ಲ.

ಈ ಹಂಗು ಅನ್ನುವ ಮಾತನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ. ನಾವು ಹೇಳಬೇಕೆಂದಿರುವುದೆಲ್ಲ ಅದರ ಸುತ್ತಲೇ ಇದೆ.

ಸಾರ್ವಜನಿಕ ಕೆಲಸದಲ್ಲಿ ಅವರು ಕೈ ಹಾಕದ ಕ್ಷೇತ್ರವೇ ಇಲ್ಲವೆಂದರೆ ತಪ್ಪಾಗಲಾರದು. ಮೈಸೂರು ಸಂಸ್ಥಾನದ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. ಸಂಸ್ಥಾನದಲ್ಲಿ ಜನರಿಗೆ ಉತ್ತರ ಕೊಡುವ ಸರ್ಕಾರ ಬರಬೇಕೆಂದು ಬರೆದರು, ಮಾತಾಡಿದರು. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ದುಡಿದರು.

ಮನೆಗೆ ಕವಿದ ಕತ್ತಲೆ

ಹೊರಗೆ ಹೀಗೆ ದುಡಿಯುತ್ತಿದ್ದವರ ಮನೆಯೊಳಗೆ ದೊಡ್ಡ ಪೆಟ್ಟು ಬಿತ್ತು. ಅವರಿಗೆ ನಲವತ್ತು ತುಂಬುವ ಮೊದಲೇ ಪತ್ನಿ ಭಾಗೀರಥಮ್ಮನವರು ತೀರಿಕೊಂಡರು. ಗಂಡನ ಸಾರ್ವಜನಿಕ ಕೆಲಸದ ಭಾರವನ್ನೆಲ್ಲ ಬಡತನದ ಮನೆಯಲ್ಲಿ ಹೊತ್ತು ನಡೆಸಿದ್ದ ಹೆಣ್ಣುಮಗಳು ಆಕೆ. ಮಕ್ಕಳು ಇನ್ನೂ ಚಿಕ್ಕವರು. 1918ರಲ್ಲಿ ಹುಟ್ಟಿದ ಮಗ ಸ್ವಾಮಿ ಎಳೆಯ ಹುಡುಗ. ಆ ಕಾಲದಲ್ಲಿ ಗಂಡಸಾದವನು ಆ ವಯಸ್ಸಿನಲ್ಲಿ ಮತ್ತೊಂದು ಮದುವೆಯಾಗುವುದು ಸಾಮಾನ್ಯ ಸಂಗತಿ. ಡಿ.ವಿ.ಜಿ. ಆಗಲಿಲ್ಲ. ಉಳಿದ ಅರ್ಧ ಶತಮಾನ ಒಂಟಿಯಾಗಿಯೇ ಕಳೆದರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಇಂಥ ಪೆಟ್ಟು ಬಿದ್ದಾಗ ಮನುಷ್ಯನಿಗೆ ಎರಡು ದಾರಿ ಸುಲಭವಾಗಿ ಕಾಣುತ್ತವೆ. ಒಂದು, ಎಲ್ಲವನ್ನೂ ಬಿಟ್ಟು ಎತ್ತಲೋ ಹೊರಟುಹೋಗುವುದು. ಇನ್ನೊಂದು, ದೇವರನ್ನೂ ಜನರನ್ನೂ ಬೈಯುತ್ತಾ ಕಹಿಯಾಗಿಬಿಡುವುದು. ನಮ್ಮ ಊರಿನಲ್ಲೇ ಎರಡೂ ಬಗೆಯವರನ್ನು ನಾವು ನೋಡಿದ್ದೇವೆ. ಅವರನ್ನು ತಪ್ಪು ಅನ್ನುವುದಕ್ಕೆ ನಾವು ಯಾರು? ದುಃಖದ ತೂಕ ಹೊತ್ತವರಿಗೇ ಗೊತ್ತು. ಡಿ.ವಿ.ಜಿ. ಮೂರನೆಯ ದಾರಿ ಹಿಡಿದರು. ಮಕ್ಕಳನ್ನು ಬೆಳೆಸಿದರು, ಕೆಲಸ ಮಾಡಿದರು, ಓದಿದರು, ತಮ್ಮ ದುಃಖವನ್ನೇ ಎದುರಿಗೆ ಕೂರಿಸಿಕೊಂಡು ಈ ಬಾಳಿಗೆ ಅರ್ಥವೇನು ಎಂದು ವರ್ಷಗಟ್ಟಲೆ ವಿಚಾರ ಮಾಡಿದರು. ಮಗ ಬಿ.ಜಿ.ಎಲ್. ಸ್ವಾಮಿ ಮುಂದೆ ಹೆಸರಾಂತ ಸಸ್ಯವಿಜ್ಞಾನಿಯಾದರು. ಅವರ ಹಸುರು ಹೊನ್ನು ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮಂಕುತಿಮ್ಮನಾದ ಪಂಡಿತ

ಆ ವಿಚಾರದ ಫಲವೇ 1943ರಲ್ಲಿ ಹೊರಬಂದ ಮಂಕುತಿಮ್ಮನ ಕಗ್ಗ. ಅದರಲ್ಲಿ ಇರುವುದು ನಾಲ್ಕು ನಾಲ್ಕು ಸಾಲಿನ 945 ಪದ್ಯಗಳು. ಹೆಸರು ನೋಡಿ, ಎಷ್ಟು ವಿನಯ! ಮಂಕುತಿಮ್ಮ ಅಂದರೆ ಬುದ್ಧಿ ಮಂಕಾದವನು. ಕಗ್ಗ ಅಂದರೆ ಹುರುಳಿಲ್ಲದ ಗೊಣಗಾಟ. ಅಷ್ಟೊಂದು ಶಾಸ್ತ್ರ ಓದಿದವರು ತಮ್ಮನ್ನು ದಡ್ಡನೆಂದು ಕರೆದುಕೊಂಡರು. ಊರಿಗೆ ಉಪದೇಶ ಮಾಡುವ ಗುರುವಿನ ಠೀವಿ ಆ ಪುಸ್ತಕದಲ್ಲಿಲ್ಲ. ಬೆಂದ ಮನಸ್ಸೊಂದು ತನಗೆ ತಾನೇ ಸಮಾಧಾನ ಹೇಳಿಕೊಂಡ ಹಾಗಿದೆ. ಆದ್ದರಿಂದಲೇ ಅದು ಬೇರೆಯವರ ಮನಸ್ಸಿಗೂ ಮುಟ್ಟಿತು.

ಅದರಲ್ಲಿ ಹೇಳಿರುವುದೇನು? ಪದ್ಯಗಳನ್ನು ಇಲ್ಲಿ ಬರೆಯುವುದಿಲ್ಲ. ಓದುಗರು ಪುಸ್ತಕದಲ್ಲೇ ಓದಬೇಕು. ನಮಗೆ ತಿಳಿದ ಮಟ್ಟಿಗೆ ತಾತ್ಪರ್ಯ ಹೀಗೆ. ಲೋಕ ನಮ್ಮ ಇಷ್ಟದಂತೆ ನಡೆಯಬೇಕೆಂದು ಹಟ ಹಿಡಿದರೆ ದುಃಖ ತಪ್ಪದು. ಹಾಗಂತ ಕೈಕಟ್ಟಿ ಕೂರುವುದೂ ಅಲ್ಲ. ನಮ್ಮ ಪಾಲಿನ ಕೆಲಸವನ್ನು ಮನಸ್ಸಿಟ್ಟು ಮಾಡಬೇಕು. ಬಂದ ಫಲ ಹೆಚ್ಚಾದರೆ ಹಿಗ್ಗಿ ಹಾರಬಾರದು, ಕಡಿಮೆಯಾದರೆ ಕುಸಿದು ಬೀಳಬಾರದು. ನಾನು, ನನ್ನದು ಎಂಬ ಬೇಲಿಯನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಸರಿಸುತ್ತಾ ಮನೆ, ಊರು, ಲೋಕ ಎಲ್ಲವನ್ನೂ ಒಳಗೆ ಸೇರಿಸಿಕೊಳ್ಳಬೇಕು. ನಗುವುದನ್ನು ಮರೆಯಬಾರದು.

ಕೊನೆಯದು ಮುಖ್ಯ. ತತ್ತ್ವ ಅಂದರೆ ಮುಖ ಗಂಟು ಹಾಕಿಕೊಂಡು ಕೂರುವುದು ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಡಿ.ವಿ.ಜಿ. ಹಾಗಿರಲಿಲ್ಲ. ಒಳ್ಳೆಯ ಸಂಗೀತ, ಒಳ್ಳೆಯ ಊಟ, ಸ್ನೇಹಿತರ ಜೊತೆ ಹರಟೆ, ನಗೆಚಾಟಿಕೆ ಎಲ್ಲವೂ ಅವರಿಗೆ ಇಷ್ಟ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ವಿಗ್ರಹಗಳ ಮೇಲೆ ಹಾಡುಗಳನ್ನು ಕಟ್ಟಿ ಅಂತಃಪುರ ಗೀತೆ ಎಂಬ ಪುಸ್ತಕ ಮಾಡಿದವರೂ ಅವರೇ. ಸುಖವನ್ನು ಕಂಡು ಅವರು ಹೆದರಿ ಓಡಲಿಲ್ಲ, ಅದರ ಆಳೂ ಆಗಲಿಲ್ಲ.

ಗೋಖಲೆಯವರ ದಾರಿ, ನಮ್ಮ ದಾರಿ

ಡಿ.ವಿ.ಜಿ. ಅವರು ತಮ್ಮ ಸಾರ್ವಜನಿಕ ಜೀವನಕ್ಕೆ ಆದರ್ಶವಾಗಿ ಇಟ್ಟುಕೊಂಡವರು ಗೋಪಾಲಕೃಷ್ಣ ಗೋಖಲೆ. ಪುಣೆಯಲ್ಲಿ ಅಧ್ಯಾಪಕರಾಗಿದ್ದು ದೇಶಸೇವೆಗೆ ಇಳಿದ ಈ ಮಹಾನುಭಾವರು 1905ರಲ್ಲಿ ಭಾರತ ಸೇವಕ ಸಮಾಜವನ್ನು ಕಟ್ಟಿದರು. ಸಾರ್ವಜನಿಕ ಕೆಲಸವನ್ನು ಪೂಜೆಯಷ್ಟೇ ಶುದ್ಧ ಮನಸ್ಸಿನಿಂದ ಮಾಡಬೇಕೆಂಬುದು ಅವರ ನಂಬಿಕೆ. ಡಿ.ವಿ.ಜಿ. ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು.

ನಮ್ಮ ಸದಸ್ಯರಿಗೆ ಸಂತೋಷವಾಗುವ ಒಂದು ವಿಷಯ ಇಲ್ಲಿದೆ. 1904ರಲ್ಲಿ ಭಾರತದ ಮೊದಲ ಸಹಕಾರಿ ಪತ್ತಿನ ಸಂಘಗಳ ಮಸೂದೆ ಕಲ್ಕತ್ತೆಯ ಶಾಸನಸಭೆಗೆ ಬಂದಾಗ ಅದರ ಮೇಲೆ ಮಾತಾಡಿದವರಲ್ಲಿ ಗೋಖಲೆಯವರೂ ಒಬ್ಬರು. ಆ ಕಾಯಿದೆ ಬಂದ ಮರುವರ್ಷ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಮೈಸೂರು ಸಂಸ್ಥಾನವೂ ಅದೇ ವರ್ಷ ತನ್ನದೇ ಸಹಕಾರ ಕಾಯಿದೆ ಮಾಡಿತು. ಡಿ.ವಿ.ಜಿ. ಅವರ ಗುರುಸ್ಥಾನದಲ್ಲಿದ್ದವರಿಗೂ ನಮ್ಮ ಚಳವಳಿಗೂ ಹೀಗೆ ಹಳೆಯ ನಂಟು.

1945ರಲ್ಲಿ ಡಿ.ವಿ.ಜಿ. ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಬುಲ್ ಟೆಂಪಲ್ ರಸ್ತೆಯ ನರಸಿಂಹರಾಜ ಕಾಲೋನಿಯಲ್ಲಿ ಅದು ಇಂದಿಗೂ ಇದೆ. ಅಲ್ಲಿ ಅವರು ಗ್ರಂಥಾಲಯ ಬೆಳೆಸಿದರು, ಆಸಕ್ತಿ ಇದ್ದವರನ್ನು ಸೇರಿಸಿಕೊಂಡು ಪಾಠ, ಉಪನ್ಯಾಸ, ಚರ್ಚೆ ನಡೆಸಿದರು. ಒಂದು ಕಡೆ ರಾಜ್ಯಾಂಗ, ಚುನಾವಣೆ, ತೆರಿಗೆ ಇಂಥ ವಿಷಯ. ಇನ್ನೊಂದು ಕಡೆ ಗೀತೆ, ಉಪನಿಷತ್ತು, ಕಾವ್ಯ. ಎರಡೂ ಒಂದೇ ಸೂರಿನ ಕೆಳಗೆ. ಒಳ್ಳೆಯ ಪ್ರಜೆಯಾಗುವುದಕ್ಕೂ ನೆಮ್ಮದಿಯ ಮನುಷ್ಯನಾಗುವುದಕ್ಕೂ ಬೇಕಾದ ಹದ ಒಂದೇ ಎಂಬುದು ಅವರ ಎಣಿಕೆ. ಅಲ್ಲಿ ಗೀತೆಯ ಮೇಲೆ ಮಾಡಿದ ಉಪನ್ಯಾಸಗಳೇ ಜೀವನಧರ್ಮಯೋಗ ಎಂಬ ಗ್ರಂಥವಾಗಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಹೆಸರೇ ಹೇಳುವಂತೆ, ಗೀತೆ ಅವರಿಗೆ ಸನ್ಯಾಸಿಗಳ ಪುಸ್ತಕವಲ್ಲ, ಬದುಕುವವರ ಪುಸ್ತಕ. ಅರ್ಜುನನಿಗೆ ಸಂಕಟ ಬಂದದ್ದು ಕೆಲಸದ ನಟ್ಟನಡುವೆ, ಅದಕ್ಕೆ ಉತ್ತರ ಸಿಕ್ಕಿದ್ದೂ ಅಲ್ಲೇ.

ಬಂದದ್ದನ್ನು ಬಿಟ್ಟುಕೊಟ್ಟವರು

1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಅವರಿಗೆ ದೊಡ್ಡ ಸನ್ಮಾನ ನಡೆಯಿತು. ದೊಡ್ಡ ಮೊತ್ತದ ನಿಧಿಯನ್ನು ಅರ್ಪಿಸಲಾಯಿತು. ವಯಸ್ಸು ಎಂಬತ್ತು ದಾಟಿತ್ತು. ಜೀವನವೆಲ್ಲ ಕೈ ಬಿಗಿ ಹಿಡಿದು ಸಂಸಾರ ಮಾಡಿದವರು. ಇಟ್ಟುಕೊಂಡಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ಅಷ್ಟನ್ನೂ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಕೊಟ್ಟಿತು. ಅದರ ಮರುವರ್ಷ, 1975ರ ಅಕ್ಟೋಬರ್ 7ರಂದು, ಡಿ.ವಿ.ಜಿ. ಕಾಲವಾದರು. 1988ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿ ಹೊರಬಂತು. ಬಸವನಗುಡಿಯಲ್ಲಿ ಅವರ ಹೆಸರಿನ ರಸ್ತೆ ಇದೆ, ಬ್ಯೂಗಲ್ ರಾಕ್ ಉದ್ಯಾನದಲ್ಲಿ ಪ್ರತಿಮೆ ಇದೆ.

ಹಂಗು ಬೇಡ, ಹೊಣೆ ಬೇಕು

ಈಗ ನಾವು ಹಿಂದೆ ಹೇಳಿದ ಹಂಗಿನ ಮಾತಿಗೆ ಬರೋಣ. ಡಿ.ವಿ.ಜಿ. ಅವರ ಬಾಳಿನಿಂದ ನಾವು ತಿಳಿದುಕೊಂಡದ್ದು ಇಷ್ಟು. ಮನುಷ್ಯನಿಗೆ ಹಂಗು ಬೇಡ, ಹೊಣೆ ಬೇಕು. ಹಣದ ಹಂಗು, ಹೊಗಳಿಕೆಯ ಹಂಗು, ನಾಲ್ಕು ಜನ ಏನಂದಾರು ಎಂಬ ಹಂಗು ಇವೆಲ್ಲ ಕಾಲಿಗೆ ಕಟ್ಟಿದ ಕೊರಡು. ಹೊಣೆ ಹಾಗಲ್ಲ, ಅದು ಹೆಗಲ ಮೇಲಿನ ನೊಗ. ಭಾರವೇನೋ ಹೌದು, ಆದರೆ ಉಳುಮೆ ಸಾಗುವುದು ಅದರಿಂದಲೇ. ಅವರು ಪದವಿಯ, ಹಣದ ಹಂಗನ್ನು ಹರಿದುಕೊಂಡರು. ಮಕ್ಕಳ ಹೊಣೆ, ನಾಡಿನ ಹೊಣೆ, ಭಾಷೆಯ ಹೊಣೆ ಯಾವುದನ್ನೂ ಕೆಳಗಿಳಿಸಲಿಲ್ಲ. ಸಂಸಾರದಲ್ಲಿದ್ದು ಸ್ವತಂತ್ರವಾಗಿರುವುದು ಅಂದರೆ ಇದೇ ಎಂದು ನಮಗೆ ತೋರುತ್ತದೆ.

ನಮ್ಮ ಹಿರಿಯರು ಖಾಸಗಿ ಲೇವಾದೇವಿಯವರ ಬಾಗಿಲಲ್ಲಿ ನಿಂತು ತಂದ ಸಾಲ ಹಂಗಿನ ಸಾಲ. ಅಲ್ಲಿ ಬಡ್ಡಿಯ ಜೊತೆ ಮಾನವನ್ನೂ ಕೊಡಬೇಕಾಗಿತ್ತು. ಸಂಘದ ಸಾಲ ಹಾಗಲ್ಲ. ಇಲ್ಲಿ ನಾವೇ ಷೇರುದಾರರು, ಪಕ್ಕದ ಮನೆಯವರ ಠೇವಣಿಯೂ ಇಲ್ಲೇ ಇದೆ. ತೆಗೆದುಕೊಂಡಿದ್ದಕ್ಕೆ ತಲೆ ತಗ್ಗಿಸಬೇಕಿಲ್ಲ, ಆದರೆ ತೀರಿಸುವ ಹೊಣೆ ಇದೆ. ಈ ಭೇದ ತಿಳಿಯದೆ ಹೋದರೆ ಸಂಘ ಉಳಿಯದು. ಬೆಳೆಗೆಂದು ತಂದ ಹಣವನ್ನು ಮದುವೆ ಚಪ್ಪರಕ್ಕೆ, ಊರಿಗೆಲ್ಲ ಕಾಣುವ ಆಡಂಬರಕ್ಕೆ ಸುರಿಯುವುದು ಯಾತಕ್ಕೆ? ನಾಲ್ಕು ಜನರ ಮಾತಿನ ಹಂಗಿಗೆ. ಊಟ ಮಾಡಿ ಕೈ ತೊಳೆದ ಮೇಲೆ ಆ ನಾಲ್ಕು ಜನ ತಮ್ಮ ಮನೆಗೆ ಹೋಗುತ್ತಾರೆ, ಕಂತು ಮಾತ್ರ ನಮ್ಮ ಮನೆಯಲ್ಲೇ ಉಳಿಯುತ್ತದೆ. ಬದುವಿನ ಒಂದು ಮೊಳ ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತಿ, ಆ ಜಾಗದ ಬೆಲೆಯ ಹತ್ತರಷ್ಟು ಖರ್ಚು ಮಾಡುವುದೂ ಸೋತೆನೆಂಬ ಮಾತಿಗೆ ಹೆದರಿಯೇ. ಬೆಳೆ ಹೋದ ವರ್ಷ ಮನಸ್ಸು ತೀರಾ ಕುಗ್ಗಿ, ಯಾರ ಹತ್ತಿರವೂ ಹೇಳಿಕೊಳ್ಳದೆ ಒಳಗೊಳಗೇ ಬೇಯುವುದೂ ಹಾಗೆಯೇ. ಅಂಥ ಹೊತ್ತಿನಲ್ಲಿ ಬಾಯಿ ಬಿಟ್ಟು ಹೇಳಬೇಕು. ಸಂಘ ಇರುವುದೇ ಅದಕ್ಕೆ, ನೆರೆಹೊರೆ ಇರುವುದೇ ಅದಕ್ಕೆ. ಬೆಳೆ ಹೋಗುವುದು ಬೇರೆ, ಬಾಳು ಹೋಗುವುದು ಬೇರೆ.

ತತ್ತ್ವವನ್ನು ಒಂದು ದಿನದಲ್ಲಿ ಕಲಿಯಲಾಗುವುದಿಲ್ಲ. ಡಿ.ವಿ.ಜಿ. ಅವರಿಗೇ ಇಡೀ ಜೀವಮಾನ ಹಿಡಿಯಿತು. ಈಗ ಬೆಳಗಾದರೆ ಮೊಬೈಲಿನಲ್ಲಿ ಕಗ್ಗದ ಪದ್ಯ ಬರುತ್ತದೆ. ಬೆರಳಿನಿಂದ ಸರಿಸಿ ಮುಂದೆ ಹೋಗಿಬಿಡುತ್ತೇವೆ. ಅಷ್ಟರಿಂದ ಹದ ಬರುವುದಿಲ್ಲ. ಕೂತು ಓದಬೇಕು, ತಿಳಿಯದ ಮಾತನ್ನು ತಿಳಿದವರಲ್ಲಿ ಕೇಳಬೇಕು, ಸಂಜೆ ನಮ್ಮ ನಡತೆಗೆ ತಾಳೆ ಹಾಕಿ ನೋಡಬೇಕು. ಕಗ್ಗದ ಭಾಷೆ ಕೆಲವು ಕಡೆ ಕಠಿಣ, ನಿಜ. ಆದರೆ ಅರ್ಥ ವಿವರಣೆ ಇರುವ ಪುಸ್ತಕಗಳೂ ಸಿಗುತ್ತವೆ. 945 ಪದ್ಯಗಳನ್ನು ದಿನಕ್ಕೊಂದರಂತೆ ಓದಿದರೆ ಎರಡು ವರ್ಷ ಏಳು ತಿಂಗಳಲ್ಲಿ ಮುಗಿಯುತ್ತದೆ. ನಾವು ಕಟ್ಟುವ ಎಷ್ಟೋ ಕಂತುಗಳ ಅವಧಿ ಇದಕ್ಕಿಂತ ಹೆಚ್ಚು!

ನಮ್ಮದೊಂದು ಸಲಹೆ. ಬೆಳ್ಳಿಹಬ್ಬದ ನೆನಪಿಗಾಗಿ ಸಂಘದ ಕಚೇರಿಯಲ್ಲಿ ಒಂದು ಸಣ್ಣ ಪುಸ್ತಕದ ಬೀರು ಇಡೋಣ. ಅದರಲ್ಲಿ ಡಿ.ವಿ.ಜಿ. ಅವರ ನಾಲ್ಕಾರು ಪುಸ್ತಕಗಳಿರಲಿ. ತಿಂಗಳ ಸಭೆಗೆ ಮೊದಲು ಹತ್ತು ನಿಮಿಷ ಒಬ್ಬರು ಓದಲಿ, ಉಳಿದವರು ಕೇಳಲಿ, ಒಪ್ಪದಿದ್ದರೆ ವಾದವನ್ನೂ ಮಾಡಲಿ. ಹೆಣ್ಣುಮಕ್ಕಳ ಸ್ವಸಹಾಯ ಗುಂಪಿನವರೂ ಬರಲಿ. ಪರೀಕ್ಷೆಯಲ್ಲಿ ಫೇಲಾದ ಹುಡುಗರಿದ್ದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ. ಇಂಥದೇ ಒಬ್ಬ ಹುಡುಗ ಮುಳಬಾಗಿಲಿನಿಂದ ಹೊರಟು ಎಲ್ಲಿಗೆ ಮುಟ್ಟಿದ ಎಂಬುದನ್ನು ಅವರಿಗೆ ಹೇಳೋಣ.

ಸಂಘದ ಸರ್ವ ಸದಸ್ಯರಿಗೂ, ಗ್ರಾಮಸ್ಥರಿಗೂ ಬೆಳ್ಳಿಹಬ್ಬದ ಶುಭಾಶಯಗಳನ್ನು ಕೋರುತ್ತಾ ಈ ನಾಲ್ಕು ಮಾತುಗಳನ್ನು ಮುಗಿಸುತ್ತೇವೆ. ನಮ್ಮ ಊರಿನ ಪ್ರತಿ ಮನೆಯಲ್ಲೂ ಹಂಗು ಕಡಿಮೆಯಾಗಲಿ, ಹೊಣೆ ಹೊರುವ ಹೆಗಲು ಗಟ್ಟಿಯಾಗಲಿ, ಮುಖದಲ್ಲಿ ನಗು ಇರಲಿ.